ಕೇಶತ್ಯಾಗದ ಅರ್ಥ



ಭದ್ರಾತೀರದ ಕಳಸ ಕ್ಷೇತ್ರವು ಪಂಚತೀರ್ಥಗಳಿಂದ ಪ್ರಸಿದ್ಧವಾದುದು. ಶ್ರೀಮದಾಚಾರ್ಯರು ಒಂದೇ ಕೈಯಿಂದ ಇರಿಸಿದರೆಂಬ ಪ್ರತೀತಿಯುಳ್ಳ ಬಂಡೆಯಿರುವ ಅಂಬುತೀರ್ಥವೂ ಅಲ್ಲಿಯೇ ಇದೆ. ತೀರ್ಥಯಾತ್ರೆಯಲ್ಲಿ ಸ್ನಾನ, ಉಪವಾಸಗಳ ಜೊತೆಗೆ ಮುಂಡನವನ್ನೂ ಧರ್ಮಗ್ರಂಥಗಳು ಹೇಳುತ್ತವೆ. ಮಗುವಿಗೆ ಚೌಲ, ತಂದೆತಾಯಿ ತೀರಿದಾಗ ಮಗನಿಗೆ ಕ್ಷೌರ, ತಿರುಪತಿಯಲ್ಲಿ ಮುಡಿ ಒಪ್ಪಿಸುವ ಹರಕೆ ಇವೆಲ್ಲ ನಮ್ಮ ಮನೆಗಳಲ್ಲಿ ನಡೆದುಬಂದಿವೆ. ನಮ್ಮ ಯತಿಗಳಂತೂ ಸನ್ಯಾಸ ಸ್ವೀಕರಿಸುವಾಗ ಶಿಖೆಯನ್ನೇ ತ್ಯಜಿಸುತ್ತಾರೆ.

ಇವುಗಳ ಹಿಂದಿನ ಭಾವವೇನು? ಕೇಶವು ದೇಹದ ಅಲಂಕಾರ. ಅದರೊಡನೆ ಅಭಿಮಾನವೂ ಬೆಳೆಯುತ್ತದೆ. ನೋವಿಲ್ಲದೆ ಕೊಡಬಹುದಾದ ದೇಹದ ಈ ಅಂಶವನ್ನು ಒಪ್ಪಿಸಿ, ‘ಈ ದೇಹ ನನ್ನದಲ್ಲ, ನಿನ್ನದು’ ಎಂದು ಭಗವಂತನಲ್ಲಿ ನಿವೇದಿಸುವುದೇ ಕೇಶತ್ಯಾಗ. ಆದುದರಿಂದ ಅದರ ಪ್ರಾಣವಿರುವುದು ಕತ್ತಿಯಲ್ಲಲ್ಲ, ಸಂಕಲ್ಪದಲ್ಲಿ. ಜೀವನು ಶ್ರೀಹರಿಯ ಅಧೀನನಾದರೂ ಕರ್ತೃವೇ ಎಂಬುದು ನಮ್ಮ ಸಿದ್ಧಾಂತ. ಕರ್ತೃತ್ವವಿಲ್ಲದಿದ್ದರೆ ವಿಧಿನಿಷೇಧಗಳಿಗೆ ಅರ್ಥವೇ ಉಳಿಯದು.

ಈ ಮಾತನ್ನು ಒಪ್ಪುವವರು ಒಂದು ಕಹಿ ಸಂಗತಿಯನ್ನೂ ಎದುರಿಸಬೇಕು. ಹಿಂದಿನ ಕಾಲದಲ್ಲಿ ಗಂಡನ ಮುಖವನ್ನೂ ಸರಿಯಾಗಿ ಕಂಡರಿಯದ ಬಾಲೆಯರ ತಲೆಯನ್ನು, ಅವರು ವಿಧವೆಯರಾದರೆಂಬ ಕಾರಣಕ್ಕೆ ಬೋಳಿಸಿ ಮಡಿ ಮಾಡಲಾಯಿತು. ಮನುಸ್ಮೃತಿಯು ವಿಧವೆಗೆ ಕಠಿಣ ನಿಯಮಗಳನ್ನು ಹೇಳಿದರೂ ಮುಂಡನವನ್ನು ವಿಧಿಸುವುದಿಲ್ಲ. ಸ್ಕಾಂದಪುರಾಣದ ಕಾಶೀಖಂಡದಲ್ಲಿ ಅದರ ಮಾತು ಬರುತ್ತದೆ. ಶ್ರೀವೈಷ್ಣವರಲ್ಲಿ ತೆಂಗಲೆಯವರು ಈ ಪದ್ಧತಿಯನ್ನು ಒಪ್ಪಲೇ ಇಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯು ಮಲೆನಾಡಿನ ಇಂತಹ ಒಂದು ಬಾಳನ್ನು ಚಿತ್ರಿಸಿತು. 1983ರಲ್ಲಿ ಅದು ಚಲನಚಿತ್ರವೂ ಆಯಿತು. ಸ್ವಂತ ಸಂಕಲ್ಪವಿಲ್ಲದೆ ಕಳೆದುಕೊಂಡ ಆ ಕೇಶವನ್ನು ತ್ಯಾಗವೆಂದು ಹೇಗೆ ಕರೆಯುವುದು?

ಚೌಲದಲ್ಲಿ ಶಿಶುವಿನ ಒಪ್ಪಿಗೆಯನ್ನು ಯಾರು ಕೇಳುತ್ತಾರೆ ಎಂದು ಪ್ರಶ್ನಿಸಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಅಲ್ಲಿ ಮಗುವಿನ ಶ್ರೇಯಸ್ಸಿಗಾಗಿ ತಂದೆ ಸಂಕಲ್ಪ ಮಾಡುತ್ತಾನೆ, ಕೂದಲು ಮತ್ತೆ ಬೆಳೆಯುತ್ತದೆ, ಬಂಧುಗಳೆಲ್ಲ ಹರಸುತ್ತಾರೆ. ಆ ಸಂಸ್ಕಾರ ಮಗುವನ್ನು ಒಳಕ್ಕೆ ಕರೆದುಕೊಳ್ಳುತ್ತದೆ. ವಿಧವೆಯ ಮುಂಡನವಾದರೋ ಬೆಳೆದ ಕೂದಲನ್ನು ಮತ್ತೆ ಮತ್ತೆ ತೆಗೆಸಿ, ಅವಳನ್ನು ಬದುಕಿರುವವರೆಗೂ ಮಂಗಳಕಾರ್ಯಗಳಿಂದ ಹೊರಗಿಟ್ಟಿತು. ಕ್ರಿಯೆ ಒಂದೇ ಆದರೂ ಫಲ ಬೇರೆ.

ಇಂದು ಆ ಪದ್ಧತಿ ಬಹುಮಟ್ಟಿಗೆ ಅಳಿದಿದೆ. ಆದರೂ ಅದರ ನೆರಳು ಪೂರ್ತಿ ಸರಿದಿಲ್ಲ. ಮೊಮ್ಮಗನ ಚೌಲದ ದಿನ ಪತಿಯನ್ನು ಕಳೆದುಕೊಂಡ ಅಜ್ಜಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಲ್ಲುವ ಮನೆಗಳು ಇನ್ನೂ ಇವೆ. ಬೆಳೆದ ಮಗಳ ಮುಡಿಯನ್ನು ಅವಳನ್ನು ಕೇಳದೆಯೇ ಹರಕೆ ಹೊರುವವರೂ ಇದ್ದಾರೆ. ಹರಕೆ ಹೊತ್ತವರೇ ತಮ್ಮ ಮುಡಿಯನ್ನು ಕೊಡಲಿ. ಅಜ್ಜಿಯನ್ನು ಕರೆತಂದು ಮುಂದೆ ಕೂರಿಸಿ, ಮಗುವಿಗೆ ಮೊದಲ ಅಕ್ಷತೆಯನ್ನು ಅವರಿಂದಲೇ ಹಾಕಿಸೋಣ. ಅದರಿಂದ ಶಾಸ್ತ್ರಕ್ಕೆ ಲೋಪವಿಲ್ಲ. ಸಂಸ್ಕಾರಕ್ಕೆ ಪೂರ್ಣತೆ ಉಂಟು.

ಶ್ರೀಕೃಷ್ಣಾರ್ಪಣಮಸ್ತು.