ಕಂಡವನ ಹೊಣೆ

1895ರಲ್ಲಿ ಜರ್ಮನಿಯ ರಾಂಟ್‌ಗೆನ್ ಮಹಾಶಯನು ಕ್ಷಕಿರಣಗಳನ್ನು ಕಂಡುಹಿಡಿದಂದಿನಿಂದ ದೇಹದ ಒಳಗನ್ನು ಮುಚ್ಚಿದ್ದ ತೆರೆಯು ಸರಿಯತೊಡಗಿತು. ಇಂದು ಎರಡು ವರ್ಷದ ಕೂಸಿನ ಯಕೃತ್ತಿನಲ್ಲಿ ಬೆಳೆದ ಗೆಡ್ಡೆಯನ್ನೂ ಶಸ್ತ್ರ ಮುಟ್ಟಿಸದೆ ನೋಡಬಹುದು. ಹೀಗೆ ನೋಡಬಲ್ಲವನಿಗೆ ಧರ್ಮವೇನು ಎಂಬುದೇ ಪ್ರಕೃತ ವಿಚಾರ.

ಎಳೆಯ ಮಕ್ಕಳ ಯಕೃತ್ತಿನಲ್ಲಿ ಹುಟ್ಟುವ ದುಷ್ಟ ಗೆಡ್ಡೆಗಳಲ್ಲಿ ಮುಖ್ಯವಾದುದು ಹೆಪಟೋಬ್ಲಾಸ್ಟೋಮ. ಬಹುಮಟ್ಟಿಗೆ ಮೂರು ವರ್ಷದೊಳಗೆ ಬರತಕ್ಕದ್ದು. ತಾಯಿಯು ನೀರೆರೆಯುವಾಗ ಹೊಟ್ಟೆಯು ಕೈಗೆ ಗಟ್ಟಿಯಾಗಿ ತಗಲುವುದೇ ಎಷ್ಟೋ ವೇಳೆ ಮೊದಲ ಸೂಚನೆ. ವೈದ್ಯರು ಮೊದಲು ಶಬ್ದತರಂಗಗಳಿಂದ ನೋಡುವ ಅಲ್ಟ್ರಾಸೌಂಡನ್ನೂ, ಅನಂತರ ಸಿ.ಟಿ. ಅಥವಾ ಎಂ.ಆರ್.ಐ. ಯಂತ್ರವನ್ನೂ ಆಶ್ರಯಿಸುತ್ತಾರೆ. ಹಲವು ದಿಕ್ಕಿನ ಕ್ಷಕಿರಣಚಿತ್ರಗಳಿಂದ ಒಳಗಿನ ರೂಪವನ್ನು ಗಣಿತದಿಂದ ಕಟ್ಟುವ ಉಪಾಯವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್, ಎ. ವಿ. ಲಕ್ಷ್ಮೀನಾರಾಯಣನ್ ಇವರು 1971ರಲ್ಲಿ ಪ್ರಕಟಿಸಿದರೆಂಬುದು ನಮಗೆ ಹೆಮ್ಮೆಯ ಸಂಗತಿ.

ಆದರೆ ಹೀಗೆ ಕಾಣುವುದು ಪ್ರತ್ಯಕ್ಷವೆ? ಅಲ್ಲ, ನೈಯಾಯಿಕರ ಮಾತಿನಲ್ಲಿ ಅದು ಅನುಮಾನ. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ, ನೆರಳಿನಿಂದ ರೋಗವನ್ನು ಊಹಿಸುವುದು. ಮಂಜನ್ನು ಹೊಗೆಯೆಂದು ಭ್ರಮಿಸುವುದೂ ಉಂಟು. ಶಿಶುಗಳ ಯಕೃತ್ತಿನಲ್ಲಿ ರಕ್ತನಾಳಗಳ ಸಾಧುವಾದ ಗಂಟುಗಳೂ ಏಳುತ್ತವೆ. ಅವುಗಳಲ್ಲಿ ಹಲವು ತಾವಾಗಿಯೇ ಕುಗ್ಗುತ್ತವೆ. ಆದುದರಿಂದಲೇ ರಕ್ತಪರೀಕ್ಷೆಯೂ, ಬಹುಮಟ್ಟಿಗೆ ಗೆಡ್ಡೆಯ ತುಣುಕಿನ ಪರೀಕ್ಷೆಯೂ ಬೇಕಾಗುವುವು. ಒಂದೇ ಚಿತ್ರವನ್ನು ನೋಡಿ ತಂದೆತಾಯಿಗಳಿಗೆ ಮರಣವಾರ್ತೆಯನ್ನು ನುಡಿಯುವುದು ಅಧರ್ಮ. ಸಂದೇಹ ಹುಟ್ಟಿದ ಮೇಲೂ ಮುಚ್ಚಿಡುವುದು ಅದಕ್ಕಿಂತ ಹೆಚ್ಚಿನ ಅಧರ್ಮ.

ಹಾಗಾದರೆ ಮತ್ತೆ ಮತ್ತೆ ನೋಡುವುದೇ ಲೇಸಲ್ಲವೆ ಎಂದು ಪೂರ್ವಪಕ್ಷ. ಸಿ.ಟಿ.ಯಲ್ಲಿ ಬಳಸುವುದು ಕ್ಷಕಿರಣ. ಬೆಳೆಯುವ ದೇಹಕ್ಕೆ ಅದರ ಕೇಡು ಹೆಚ್ಚು. ಎಂ.ಆರ್.ಐ.ಯಲ್ಲಿ ಆ ಭಯವಿಲ್ಲವಾದರೂ ಕೂಸು ಅಲುಗದಿರಲು ಅನೇಕವೇಳೆ ನಿದ್ರೆಯ ಮದ್ದು ಕೊಡಬೇಕು. ನಮ್ಮ ತಿಳಿವಳಿಕೆಯ ಬೆಲೆಯನ್ನು ತೆರುವುದು, ಒಪ್ಪಿಗೆ ಕೊಡಲರಿಯದ ಆ ಮಗುವಿನ ಮೈ. ಗೆಡ್ಡೆಯನ್ನು ತೆಗೆಯಬಹುದೆ, ಯಕೃತ್ತಿನ ನಾಲ್ಕು ವಿಭಾಗಗಳಲ್ಲಿ ಎಷ್ಟು ನಿರ್ದೋಷವಾಗಿವೆ, ಮದ್ದಿನಿಂದ ಅದು ಕುಗ್ಗಿತೆ ಎಂಬ ಪ್ರಶ್ನೆಗಳಿಗಾಗಿ ನೋಡುವುದು ಯುಕ್ತ. ಚಿಕಿತ್ಸೆಯನ್ನು ಬದಲಿಸದ ನೋಟವು ಕೇವಲ ಕುತೂಹಲ.

ಇನ್ನೊಂದು ಆಕ್ಷೇಪವುಂಟು. ಹನೂರಿನ ಬೆಟ್ಟದ ಹಾಡಿಯ ಬಡವನಿಗೆ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥಲ್ಲಿಗೆ ಹೋಗಲು ಕೂಲಿ ಬಿಡಲಾರದವನಿಗೆ, ತೋರಿಸಿ ಫಲವೇನು? ಈ ರೋಗವು ಹರಡುವ ಮುನ್ನ ಸಿಕ್ಕಿದರೆ, ಮದ್ದು ಮತ್ತು ಶಸ್ತ್ರಕ್ರಿಯೆಗಳಿಂದ ಬಹುಮಂದಿ ಮಕ್ಕಳು ಬದುಕುತ್ತಾರೆ. ಆದುದರಿಂದ ನೋಡದಿರುವುದು ದಯೆಯಲ್ಲ. ನೋಡಿ ಕಾಗದ ಕೊಟ್ಟು ಕಳುಹಿಸಿಬಿಡುವುದೂ ದಯೆಯಲ್ಲ. 1986ರಲ್ಲಿ ಯಳಂದೂರಿನಲ್ಲಿ ಕುಷ್ಠರೋಗದ ನಿವಾರಣೆಗಾಗಿ ಕರುಣಾ ಟ್ರಸ್ಟ್ ಹುಟ್ಟಿತು. ರೋಗಿಯನ್ನು ಗುರುತಿಸುವುದೂ ಅವನಿಗೆ ಮದ್ದು ಮುಟ್ಟಿಸುವುದೂ ಒಂದೇ ಕೆಲಸವೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ನಿದರ್ಶನವಿದೆ.

ಈ ಹೊಣೆ ವೈದ್ಯನೊಬ್ಬನದೇ ಅಲ್ಲ. ಪರೀಕ್ಷೆಯ ವರದಿ ಬರುವುದು ಇಂಗ್ಲಿಷಿನಲ್ಲಿ. ಅದನ್ನು ಹಿಡಿದು ಕೊಳ್ಳೇಗಾಲದ ಓದುಬಲ್ಲವರ ಜಗುಲಿಗೆ ಬಂದು, “ಸ್ವಾಮಿ, ಇದರಲ್ಲಿ ಏನು ಬರೆದದೆ?” ಎಂದು ಕೇಳುವ ತಂದೆಯ ಮುಂದೆ ಓದಿದವನೂ ಕಂಡವನೇ ಆಗುತ್ತಾನೆ. ಬರೆದುದನ್ನಷ್ಟೇ ಹೇಳಿ, ಬರೆಯದುದನ್ನು ಊಹಿಸದೆ, ಮರುದಿನದ ಬಸ್ಸಿಗೆ ಅವನನ್ನು ಹತ್ತಿಸಿ, ಮಗು ಆಸ್ಪತ್ರೆಯನ್ನು ಸೇರಿತೆ ಎಂದು ವಿಚಾರಿಸುವವರೆಗೆ ಅವನ ಹೊಣೆ ತೀರದು.