ಗೋಡೆ ದಪ್ಪವಾದಾಗ ಬಾಗಿಲು

*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ನಮ್ಮ ಮನೆಯ ರಿಪೇರಿ ಕೆಲಸ ನಡೆದಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅಪ್ಪನ ಕಾಲದ ಶೀಟಿನ ಮನೆ, ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ಅದರ ಮೇಲೆ ಆರ್‌ಸಿಸಿ ಹಾಕಲಾಗದು ಎಂದು ಮೇಸ್ತ್ರಿ ಇನ್ನೊಂದು ಸಾಲು ಇಟ್ಟಿಗೆ ಕಟ್ಟಿ 9 ಇಂಚು ಮಾಡಿದರು. ಹೊರಗೆ ಓಣಿ, ಅತ್ತ ಜಾಗವಿಲ್ಲ. ಹಾಗಾಗಿ ಗೋಡೆ ಒಳಕ್ಕೆ ಬೆಳೆಯಿತು.

ಗೋಡೆಯೇನೋ ಗಟ್ಟಿಯಾಯಿತು, ತಲೆಬಾಗಿಲು ಕೆಟ್ಟಿತು. ಮೊದಲು ಚೌಕಟ್ಟು ಒಳಗೋಡೆಯ ಮಟ್ಟಕ್ಕೇ ಇತ್ತು. ಕದ ತೆರೆದರೆ ಹೋಗಿ ಗೋಡೆಗೆ ಒರಗುತ್ತಿತ್ತು. ಈಗ ಚೌಕಟ್ಟು 5 ಇಂಚು ಹಿಂದೆ ಉಳಿದು, ಕದ ಹೊಸ ಗೋಡೆಯ ಅಂಚಿಗೆ ಬಡಿದು ಅರ್ಧಕ್ಕೇ ನಿಲ್ಲುತ್ತಿತ್ತು.

"ಕಿತ್ತು ಹೊಸದು ಹಾಕಿ" ಎಂದೆ. ಬಡಗಿ ಒಪ್ಪಲಿಲ್ಲ. "ಹೊನ್ನೆ ಮರ ಸಾರ್. ಎರಡೂ ಕಡೆ ಮೂರು ಮೂರು ಕಬ್ಬಿಣದ ಹಿಡಿ ಗೋಡೆಯೊಳಗೆ ಕೂತಿವೆ. ಕಿತ್ತರೆ ಗೋಡೆಯೂ ಸೀಳ್ತದೆ" ಎಂದರು. ಮೇಲೊಂದು ಅಲಂಕಾರದ ಪಟ್ಟಿ ಹೊಡೆದು ಮುಚ್ಚಿದರೆ ನೋಡಲು ಚೆನ್ನ, ಆದರೆ ಕದ ತೆರೆಯುವುದಿಲ್ಲ. ಅವರು ಹೇಳಿದ ದಾರಿ ಇದು: ಹಳೆಯ ಚೌಕಟ್ಟಿಗೇ ಹೊಸ ಮರ ಜೋಡಿಸಿ ಗೋಡೆಯ ಮಟ್ಟಕ್ಕೆ ತರುವುದು, ಕೀಲುಗಳನ್ನು ಆ ಹೊಸ ಮರಕ್ಕೆ ಸಾಗಿಸುವುದು. ಅದಕ್ಕೂ ಮೊದಲು ಹಸಿ ಗಾರೆ ಒಣಗಲು 15 ದಿನ ಬೇಕು ಎಂದರು.

ಅದೇ ಸಂಜೆ ಅವ್ವ ಕೇಳಿದಳು: "ಬಾಗಿಲ ಪೂಜೆ ಯಾವತ್ತು?" ಅರಿಸಿನ, ಕುಂಕುಮ, ಮಾವಿನ ತೋರಣ ಎಲ್ಲ ಅವಳ ಮನಸ್ಸಿನಲ್ಲಿತ್ತು. ನಾನು ಸಿಡುಕಿದೆ: "22 ಪ್ರತಿಜ್ಞೆ ತಗೊಂಡ ಮನೆ ಇದು. ಇಲ್ಲಿ ಅದೆಲ್ಲ ನಡೆಯಲ್ಲ." ಅವ್ವ ಮಾತಾಡಲಿಲ್ಲ, ಊಟವನ್ನೂ ಮಾಡಲಿಲ್ಲ. ರಾತ್ರಿ ಮಲಗುವಾಗ ಹೇಳಿದಳು: "ನಾನು ಹುಟ್ಟಿದಾಗಿನಿಂದ ಯಾರ ಹೊಸ್ತಿಲನ್ನೂ ದಾಟಿದವಳಲ್ಲ. ಹಿತ್ತಲಲ್ಲಿ ನಿಂತು ಕೂಲಿ ಇಸ್ಕೊಂಡವಳು. ಇದೊಂದು ಬಾಗಿಲು ನಂದು. ಅದಕ್ಕೆ ಕೈ ಮುಗಿದರೆ ನಿನಗೇನು ನೋವು?"

ಬಂಧುಗಳೇ, ನನಗೆ ನಿದ್ದೆ ಬರಲಿಲ್ಲ. ದೀಕ್ಷೆಯ ದಿನ ಅವ್ವನೂ ಬಿಳಿ ಸೀರೆ ಉಟ್ಟು ನಮ್ಮ ಪಕ್ಕ ನಿಂತಿದ್ದಳು. ಪ್ರತಿಜ್ಞೆಗಳನ್ನು ನಾವು ಓದಿದೆವು, ಅವಳು ಹಿಂದೆಯೇ ಹೇಳಿದಳು. ಆಮೇಲೆ ನಾನು ಪುಸ್ತಕ ಓದಿದೆ, ಸಭೆಗಳಿಗೆ ಹೋದೆ, ನನ್ನ ಗೋಡೆ ದಪ್ಪವಾಯಿತು. ಅವಳ ಬಳಿ ಕೂತು ಅರ್ಥ ಹೇಳಿದವರು ಯಾರು? ಅವಳು ಹಿಂದೆ ಉಳಿದಳು ಎಂದು ದೂರಿದೆ. ಗೋಡೆ ಬೆಳೆಸಿದವನು ನಾನು.

ಮಜ್ಝಿಮ ನಿಕಾಯದ ಉಪಾಲಿ ಸುತ್ತ ನೆನಪಾಯಿತು. ನಳಂದದ ಗೃಹಸ್ಥ ಉಪಾಲಿ ನಿಗಂಠರ ಅನುಯಾಯಿ. ವಾದ ಮಾಡಲು ಬಂದವನು ಭಗವಾನರ ಮಾತಿಗೆ ಮನಸೋತು ಶರಣು ಬಂದ. ಆಗ ಭಗವಾನರು, ಆತುರ ಬೇಡ, ಚೆನ್ನಾಗಿ ಪರೀಕ್ಷಿಸಿ ನೋಡು ಎಂದರು. ನಿನ್ನ ಮನೆ ಬಹುಕಾಲದಿಂದ ನಿಗಂಠರಿಗೆ ಆಸರೆ, ಅವರಿಗೆ ಭಿಕ್ಷೆ ನಿಲ್ಲಿಸಬೇಡ ಎಂದೂ ಹೇಳಿದರು. ಉಪಾಲಿ ಮನೆಗೆ ಹೋಗಿ ನಿಗಂಠರಿಗೆ ಬಾಗಿಲು ಮುಚ್ಚಿದ. ಆದರೆ ಭಿಕ್ಷೆಗೆ ಬಂದವರಿಗೆ ಅಲ್ಲಿಗೇ ಅನ್ನ ತಂದುಕೊಡಿ ಎಂದು ದ್ವಾರಪಾಲಕನಿಗೆ ಹೇಳಿದ. ನಿಲುವು ಬದಲಾಯಿತು, ಅನ್ನ ನಿಲ್ಲಲಿಲ್ಲ.

ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. 21 ವರ್ಷ ಅಧ್ಯಯನ ಮಾಡಿದರು, ಜನರನ್ನು ಅಣಿಗೊಳಿಸಿದರು. ನಾನು ನನ್ನ ಅವ್ವನಿಗೆ ಒಂದು ಸಂಜೆಯನ್ನೂ ಕೊಟ್ಟಿರಲಿಲ್ಲ.

ಗಾರೆ ಒಣಗುವ ಆ 15 ದಿನ ಸಂಜೆ ಅವ್ವನ ಬಳಿ ಕೂತೆ. ದಿನಕ್ಕೊಂದೋ ಎರಡೋ ಪ್ರತಿಜ್ಞೆ. ಕೆಲವಕ್ಕೆ ತಲೆಯಾಡಿಸಿದಳು, ಕೆಲವಕ್ಕೆ ಜಗಳವಾಡಿದಳು. ಸಮಾನತೆಯ ಮಾತು ಬಂದಾಗ ಮಾತ್ರ "ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದಳು.

ಬಡಗಿ ಬಂದು ಮೂರು ಕಡೆ ಅಳತೆ ಹಿಡಿದರು. ಮೇಲೆ ಐದು ಇಂಚು, ನಡುವೆ ಐದೂಕಾಲು, ಕೆಳಗೆ ಐದೂವರೆ. ಗೋಡೆ ಎಲ್ಲೂ ಒಂದೇ ಸಮ ಇರುವುದಿಲ್ಲವಂತೆ. ಒಂದೇ ಅಳತೆಗೆ ಕೊಯ್ದರೆ ಒಂದು ಕಡೆ ಸಂದು, ಇನ್ನೊಂದು ಕಡೆ ಉಬ್ಬು. ಮರವೂ ಒಣಗಿದ್ದಾಗಿರಬೇಕು, ಹಸಿ ಮರ ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಇದ್ದದ್ದನ್ನು ಇದ್ದ ಹಾಗೆ ನೋಡು ಎಂದು ಧಮ್ಮ ಹೇಳುವುದೂ ಇದನ್ನೇ ಅಲ್ಲವೇ? ಮನೆಯ ಪ್ರತಿಯೊಬ್ಬರಿಗೂ ಅಳತೆ ಬೇರೆ.

ಪ್ರತಿಜ್ಞೆಯನ್ನು ಸಡಿಲಿಸಿ ಎಂದು ನಾನು ಹೇಳುತ್ತಿಲ್ಲ. ಬಾಗಿಲ ಪೂಜೆ ನಡೆಯಲಿಲ್ಲ. ತ್ರಿಶರಣ, ಪಂಚಶೀಲ ಹೇಳಿದೆವು. ಹೊಸ ಮರಕ್ಕೆ ಅಗಸೆ ಎಣ್ಣೆ ಸವರಿದ್ದು ಅವ್ವ, ತನ್ನ ಕೈಯಿಂದಲೇ. ಕೊನೆಗೆ ಬಾಗಿಲಿಗೆ ಕೈ ಮುಗಿದಳು. ನಾನು ಸುಮ್ಮನಿದ್ದೆ. ಹಳೆ ಮರ ಕಪ್ಪು, ಹೊಸ ಮರ ಕೆಂಪು. ಜೋಡಿಸಿದ ಗೆರೆ ಈಗಲೂ ಕಾಣುತ್ತದೆ. ಆದರೆ ಕದ ಪೂರ್ತಿ ತೆರೆಯುತ್ತದೆ.

*ಇಂದಿನ ಅಭ್ಯಾಸ:* ನಿಮ್ಮ ಮನೆಯಲ್ಲಿ ಹಿಂದೆ ಉಳಿದಿದ್ದಾರೆ ಎಂದು ನೀವು ದೂರುವ ಒಬ್ಬರ ಬಳಿ ಇಂದು ಸಂಜೆ ಅರ್ಧ ಗಂಟೆ ಕೂತುಕೊಳ್ಳಿ. ಮೊದಲು ಕೇಳಿ, ಆಮೇಲೆ ಹೇಳಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್. 💙