ಹಳೆಯ ನಾಣ್ಯಕ್ಕೆ ನ್ಯಾಯದ ಬೆಲೆ ಯಾವುದು?

ನಮ್ಮ ಅನೇಕ ಮನೆಗಳಲ್ಲಿ ಅಜ್ಜಿಯ ಸಂದೂಕದ ತಳದಲ್ಲಿ ಬಟ್ಟೆಯ ಗಂಟೊಂದು ಇರುತ್ತದೆ. ಅದರೊಳಗೆ ನಾಲ್ಕಾರು ಹಳೆಯ ನಾಣ್ಯಗಳು. ರಾಣಿಯ ಮುಖವಿರುವ ಬೆಳ್ಳಿ ರೂಪಾಯಿ, ಟಿಪ್ಪು ಸುಲ್ತಾನರ ಕಾಲದ ಆನೆಯ ಚಿತ್ರದ ತಾಮ್ರದ ಕಾಸು, ಓದಲು ಬಾರದ ಪಾರ್ಸಿ ಅಕ್ಷರಗಳಿರುವ ಚಿಕ್ಕದೊಂದು ಹಣ. ಮಗಳ ನಿಕಾಹ್ ಹತ್ತಿರವಾದಾಗಲೋ, ಆಸ್ಪತ್ರೆಯ ಖರ್ಚು ತಲೆಯ ಮೇಲೆ ಬಿದ್ದಾಗಲೋ ಆ ಗಂಟನ್ನು ಬಿಚ್ಚಲಾಗುತ್ತದೆ. ಬಲ್ಲವರೊಬ್ಬರು ಬಂದು ನೋಡಿ ಒಂದು ಬೆಲೆ ಹೇಳುತ್ತಾರೆ. ಮನೆಯವರು ಒಪ್ಪುತ್ತಾರೆ. ವ್ಯವಹಾರ ಮುಗಿಯುತ್ತದೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ: ಕೊಟ್ಟ ಬೆಲೆ ನ್ಯಾಯವಾದುದೇ?

"ಇಬ್ಬರೂ ಒಪ್ಪಿದ ಮೇಲೆ ಅದರಲ್ಲಿ ಕೇಳುವುದೇನಿದೆ?" ಎಂದು ಹೆಚ್ಚಿನವರು ಹೇಳುತ್ತಾರೆ. ಒಬ್ಬರ ಸೊತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ಕಬಳಿಸಬಾರದು, ಪರಸ್ಪರ ಸಮ್ಮತಿಯ ವ್ಯಾಪಾರವಾದರೆ ಸರಿ ಎಂದು ಪವಿತ್ರ ಕುರ್‌ಆನ್ ಸೂರಃ ಅನ್ನಿಸಾದಲ್ಲಿ (ಸೂಕ್ತ 29) ಹೇಳಿರುವುದು ನಿಜ. ಆದರೆ ಸಮ್ಮತಿ ಎಂದರೇನು? ತಾನು ಕೊಡುತ್ತಿರುವುದು ಏನೆಂದು ತಿಳಿದವನು ‘ಹೂಂ’ ಎನ್ನುವುದು ಸಮ್ಮತಿ. ತಿಳಿಯದವನ ‘ಹೂಂ’ ಕೇವಲ ಬಾಯಿಮಾತು.

ಚನ್ನಗಿರಿಯ ಅಡಿಕೆ ಬೆಳೆಗಾರನಿಗೆ ಈ ತೊಂದರೆಯಿಲ್ಲ. ರಾಶಿ, ಬೆಟ್ಟೆ, ಗೊರಬಲು ಪ್ರತಿಯೊಂದರ ಧಾರಣೆಯೂ ಪತ್ರಿಕೆಯಲ್ಲಿ ಬರುತ್ತದೆ. ಜಗಳೂರಿನ ಮೆಕ್ಕೆಜೋಳಕ್ಕೂ, ಹೊನ್ನಾಳಿ ಮತ್ತು ನ್ಯಾಮತಿಯ ಭತ್ತಕ್ಕೂ ಮಾರುಕಟ್ಟೆಯಲ್ಲಿ ದರವಿದೆ. ವ್ಯಾಪಾರಿ ಕಡಿಮೆ ಕೇಳಿದರೆ ರೈತ ತಕ್ಷಣ ಗುರುತಿಸುತ್ತಾನೆ. ಅಪರೂಪದ ನಾಣ್ಯಕ್ಕೆ ಅಂಥ ಧಾರಣೆಯಿಲ್ಲ. ಅಲ್ಲಿ ಒಬ್ಬನು ಬಲ್ಲವನು, ಇನ್ನೊಬ್ಬನು ಅರಿಯದವನು. ನ್ಯಾಯದ ಪರೀಕ್ಷೆ ನಡೆಯುವುದು ಅಲ್ಲಿಯೇ.

ಬೆಲೆ ಲೋಹದಲ್ಲಿ ಮಾತ್ರ ಇಲ್ಲ

ಗುಹಾವಾಸಿಗಳ ಚರಿತ್ರೆಯನ್ನು ನೆನಪಿಸಿಕೊಳ್ಳಿ. ಅವರು ದೀರ್ಘ ನಿದ್ರೆಯಿಂದ ಎಚ್ಚೆತ್ತು ತಮ್ಮಲ್ಲೊಬ್ಬನನ್ನು ಬೆಳ್ಳಿಯ ನಾಣ್ಯದೊಂದಿಗೆ ಆಹಾರ ತರಲು ಪಟ್ಟಣಕ್ಕೆ ಕಳುಹಿಸಿದರೆಂದು ಸೂರಃ ಅಲ್‌ಕಹ್ಫ್ (ಸೂಕ್ತ 19) ತಿಳಿಸುತ್ತದೆ. ಆ ಹಳೆಯ ನಾಣ್ಯವನ್ನು ಕಂಡ ಪೇಟೆಯವರು, ಈತನಿಗೆ ನಿಧಿ ಸಿಕ್ಕಿದೆಯೆಂದು ಸಂಶಯಪಟ್ಟರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ನಾಣ್ಯ ಅದೇ, ಬೆಳ್ಳಿ ಅದೇ. ಮಲಗುವಾಗ ಸಾಮಾನ್ಯವಾಗಿದ್ದುದು ಏಳುವಾಗ ಅಪರೂಪವಾಗಿತ್ತು.

ನಮ್ಮ ಕಾಲದ ಉದಾಹರಣೆಯನ್ನೇ ನೋಡೋಣ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. 1939ರವರೆಗಿನ ರೂಪಾಯಿಯಲ್ಲಿ ಶೇಕಡಾ 91.7ರಷ್ಟು ಬೆಳ್ಳಿಯಿತ್ತು. 1940ರಿಂದ ಅದು ಅರ್ಧಕ್ಕಿಳಿಯಿತು. 1947ರ ರೂಪಾಯಿ ಬರೀ ನಿಕ್ಕಲ್. ಹಾಗಾಗಿ ಇಸವಿ ನೋಡದೆ "ಬೆಳ್ಳಿ ರೂಪಾಯಿ" ಎಂದು ಬೆಲೆ ಕಟ್ಟುವುದೇ ತಪ್ಪು. ಇನ್ನು 1911ರ ಐದನೇ ಜಾರ್ಜ್ ರೂಪಾಯಿಯ ವಿಷಯ. ಅದರಲ್ಲಿ ದೊರೆಯ ಎದೆಯ ಮೇಲಿನ ಪದಕದ ಆನೆ ಹಂದಿಯಂತೆ ಕಾಣುತ್ತದೆಂದು ಜನರು, ವಿಶೇಷವಾಗಿ ಮುಸ್ಲಿಮರು, ಬೇಸರ ವ್ಯಕ್ತಪಡಿಸಿದರು. ಟಂಕಿಸಿದ್ದ ಸುಮಾರು 94 ಲಕ್ಷದಲ್ಲಿ ಸುಮಾರು 7 ಲಕ್ಷ ಮಾತ್ರ ಹೊರಬಂದಿತ್ತು. ಉಳಿದುದನ್ನು ಕರಗಿಸಿ 1912ರಲ್ಲಿ ಚಿತ್ರವನ್ನು ತಿದ್ದಲಾಯಿತು. 1911ರ ಮತ್ತು 1912ರ ರೂಪಾಯಿಗಳು ತಕ್ಕಡಿಯಲ್ಲಿ ಸಮ. ಸಂಗ್ರಾಹಕರ ಕೈಯಲ್ಲಿ ಸಮವಲ್ಲ.

ನಮ್ಮ ಸೀಮೆಯಲ್ಲಿ ಸಿಗುವ ನಾಣ್ಯಗಳಲ್ಲೂ ಇದೇ ಸೂಕ್ಷ್ಮವಿದೆ. ಹೈದರಲಿಯವರು 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಹೊರಡಿಸಿದ ಬಹಾದ್ದೂರಿ ಹೊನ್ನಿನ ಒಂದು ಬದಿಯಲ್ಲಿ ಶಿವಪಾರ್ವತಿಯರ ಚಿತ್ರವೂ ಇನ್ನೊಂದು ಬದಿಯಲ್ಲಿ ಅವರ ಹೆಸರಿನ ಮೊದಲಕ್ಷರವೂ ಇವೆ. ಅದನ್ನು ತಿಳಿಯದವನು ಬೇರೆ ಯಾರದೋ ನಾಣ್ಯವೆಂದುಕೊಂಡಾನು. ಟಿಪ್ಪು ಸುಲ್ತಾನರಿಗೆ ಶ್ರೀರಂಗಪಟ್ಟಣದಲ್ಲಿ, ನಗರದಲ್ಲಿ, ಚಿತ್ರದುರ್ಗದಲ್ಲಿ ಟಂಕಸಾಲೆಗಳಿದ್ದವು. ಒಂದೇ ಬಗೆಯ ತಾಮ್ರದ ಕಾಸು ಯಾವ ಟಂಕಸಾಲೆಯದು, ಯಾವ ವರ್ಷದ್ದು ಎಂಬುದರ ಮೇಲೆ ಬೆಲೆ ಬೇರೆಯಾಗುತ್ತದೆ. 1787ರ ಸುಮಾರಿಗೆ ಅವರು ಜಾರಿಗೆ ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಓದಲು ಬಲ್ಲವನಿಗೂ ಬಾರದವನಿಗೂ ಇರುವ ಅಂತರ ಇಷ್ಟು ದೊಡ್ಡದು.

ಜನರ ವಸ್ತುಗಳನ್ನು ಕುಂದಿಸಬೇಡಿ

ಈ ಅಂತರವನ್ನು ಲಾಭ ಮಾಡಿಕೊಳ್ಳಬಹುದೇ? ಹಝ್ರತ್ ಶುಐಬ್(ಅ)ರವರು ತಮ್ಮ ಜನಾಂಗಕ್ಕೆ ಅಳತೆ, ತೂಕಗಳನ್ನು ಪೂರ್ಣಗೊಳಿಸಿರೆಂದು ಹೇಳಿದ್ದು ಮಾತ್ರವಲ್ಲ, ಜನರ ವಸ್ತುಗಳನ್ನು ಕುಂದಿಸಿ ಕೊಡಬೇಡಿರೆಂದೂ ಉಪದೇಶಿಸಿದರು (ಅಲ್ ಅಅ್‌ರಾಫ್: 85). ತಕ್ಕಡಿ ಸರಿಯಾಗಿದ್ದರೂ ವಸ್ತುವಿನ ಮೌಲ್ಯವನ್ನು ಕುಂದಿಸಬಹುದು. "ಇದು ಎಲ್ಲಾ ಕಡೆ ಸಿಗುತ್ತದೆ, ಬೆಳ್ಳಿಯ ತೂಕಕ್ಕೆ ಬೇಕಾದರೆ ಕೊಡಿ" ಎಂದು ಸುಳ್ಳು ಹೇಳುವವನು ತೂಕದಲ್ಲಿ ಮೋಸ ಮಾಡುವುದಿಲ್ಲ, ನಾಲಿಗೆಯಲ್ಲಿ ಮಾಡುತ್ತಾನೆ. ಕುಂದಿಸುವುದಕ್ಕೆ ಅಲ್ಲಿ ಬಳಸಲಾದ ‘ಬಖ್ಸ್’ ಎಂಬ ಮೂಲಪದವೇ ಸೂರಃ ಯೂಸುಫ್‌ನಲ್ಲಿಯೂ (ಸೂಕ್ತ 20) ಬಂದಿದೆ. ಬಾವಿಯಿಂದ ಎತ್ತಿದ ಯೂಸುಫ್(ಅ)ರನ್ನು ಅವರು ಎಣಿಕೆಯ ಕೆಲವು ದಿರ್‌ಹಮ್‌ಗಳ ಅಲ್ಪ ಬೆಲೆಗೆ ಮಾರಿಬಿಟ್ಟರು. ಅಮೂಲ್ಯವಾದುದಕ್ಕೆ ಜಗತ್ತು ಕಟ್ಟಿದ ಬೆಲೆ ಎಷ್ಟೋ ಸಲ ಹೀಗೆಯೇ ಇರುತ್ತದೆ.

ಪ್ರವಾದಿ ಮುಹಮ್ಮದ್(ಸ)ರವರ ಕಾಲದಲ್ಲಿ ಸರಕು ತರುವ ಹಳ್ಳಿಗರನ್ನು ಕೆಲವರು ಊರ ಹೊರಗೇ ಎದುರುಗೊಂಡು, ಪೇಟೆಯ ಧಾರಣೆ ತಿಳಿಯುವ ಮೊದಲೇ ಕೊಂಡುಬಿಡುತ್ತಿದ್ದರು. ಪ್ರವಾದಿ(ಸ)ರವರು ಅದನ್ನು ನಿಷೇಧಿಸಿದರು. ಹಾಗೆ ಮಾರಿದವನಿಗೆ ಪೇಟೆಗೆ ಬಂದ ಮೇಲೆ ವ್ಯವಹಾರವನ್ನು ಮುರಿಯುವ ಹಕ್ಕನ್ನೂ ಕೊಟ್ಟರು (ಮುಸ್ಲಿಮ್). ಗಮನಿಸಿ, ಆ ಹಳ್ಳಿಗನು ಒಪ್ಪಿಯೇ ಮಾರಿದ್ದನು. ಆದರೂ ಧರ್ಮವು ಅವನ ಅಜ್ಞಾನವನ್ನು ಇನ್ನೊಬ್ಬನ ಆದಾಯವಾಗಲು ಬಿಡಲಿಲ್ಲ.

ಹಝ್ರತ್ ಜರೀರ್ ಬಿನ್ ಅಬ್ದುಲ್ಲಾಹ್(ರ)ರವರು ಪ್ರತಿಯೊಬ್ಬ ಮುಸ್ಲಿಮನಿಗೂ ಹಿತ ಬಯಸುವೆನೆಂದು ಪ್ರವಾದಿ(ಸ)ರವರಿಗೆ ಪ್ರತಿಜ್ಞೆ ಮಾಡಿದ್ದರು. ಅವರ ಸೇವಕನು ಒಂದು ಕುದುರೆಯನ್ನು 300 ದಿರ್‌ಹಮ್‌ಗೆ ಗೊತ್ತುಮಾಡಿಕೊಂಡು ಬಂದನು. ಅವರು ಕುದುರೆಯನ್ನು ನೋಡಿ ಮಾಲಿಕನಿಗೆ, ನಿನ್ನ ಕುದುರೆ ಇದಕ್ಕಿಂತ ಹೆಚ್ಚಿನದು ಎಂದು ಹೇಳುತ್ತಾ ತಾವೇ ಬೆಲೆ ಏರಿಸುತ್ತಾ 800 ದಿರ್‌ಹಮ್ ಕೊಟ್ಟರೆಂದು ತಬ್ರಾನಿಯ ವರದಿಯಲ್ಲಿದೆ. ಕೊಳ್ಳುವವನೇ ಬೆಲೆ ಏರಿಸಿದ ವ್ಯಾಪಾರವಿದು!

ಹಾಗಾದರೆ ಲಾಭವೇ ನಿಷಿದ್ಧವೇ? ಖಂಡಿತ ಅಲ್ಲ. ಪ್ರವಾದಿ(ಸ)ರವರು ಉರ್ವಾ(ರ)ರಿಗೆ ಒಂದು ದೀನಾರ್ ಕೊಟ್ಟು ಕುರಿ ತರಲು ಹೇಳಿದಾಗ, ಅವರು ಎರಡು ಕುರಿ ಕೊಂಡು ಒಂದನ್ನು ಒಂದು ದೀನಾರಿಗೆ ಮಾರಿ, ಕುರಿಯನ್ನೂ ದೀನಾರನ್ನೂ ತಂದರು. ಪ್ರವಾದಿ(ಸ)ರವರು ಅವರ ವ್ಯಾಪಾರಕ್ಕೆ ಬರಕತ್‌ಗಾಗಿ ಪ್ರಾರ್ಥಿಸಿದರು (ಬುಖಾರಿ). ನಾಣ್ಯದ ವ್ಯಾಪಾರಿ ವರ್ಷಗಟ್ಟಲೆ ಕಲಿತಿರುತ್ತಾನೆ, ಬಂಡವಾಳ ಹೂಡುತ್ತಾನೆ, ಗಿರಾಕಿಗಾಗಿ ಕಾಯುತ್ತಾನೆ. ಅದರ ಪ್ರತಿಫಲ ಅವನ ಹಕ್ಕು. ಎದುರಿಗಿರುವವರ ಅಜ್ಞಾನಕ್ಕೆ ಮಾತ್ರ ಪ್ರತಿಫಲವಿಲ್ಲ.

ಅಳೆಯುವುದು ಹೇಗೆ?

ಇಲ್ಲಿ ಹನಫೀ ಕರ್ಮಶಾಸ್ತ್ರ ಪಂಡಿತರು ಬಹಳ ಸರಳವಾದ ಮಾನದಂಡವನ್ನು ಕೊಟ್ಟಿದ್ದಾರೆ. ಆ ವಸ್ತುವನ್ನು ಬಲ್ಲ ಹಲವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಬೆಲೆ ಹೇಳುತ್ತಾರೆ. ಕೊಟ್ಟ ಬೆಲೆ ಅವರಲ್ಲಿ ಯಾರಾದರೊಬ್ಬರು ಹೇಳುವ ಬೆಲೆಯೊಳಗೆ ಬಂದರೆ ಅದು ಸಹಜ ವ್ಯತ್ಯಾಸ. ಬಲ್ಲವರಲ್ಲಿ ಒಬ್ಬರೂ ಹೇಳದಷ್ಟು ದೂರವಿದ್ದರೆ ಅದು ‘ಗಬ್ನೆ ಫಾಹಿಶ್’, ಅಂದರೆ ವಿಪರೀತ ನಷ್ಟ. ಅದರೊಂದಿಗೆ ವಂಚನೆಯೂ ಸೇರಿದ್ದರೆ ನಷ್ಟಕ್ಕೊಳಗಾದವನು ವ್ಯವಹಾರವನ್ನು ರದ್ದು ಮಾಡಬಹುದು. ಅನಾಥರ ಸೊತ್ತಾಗಿದ್ದರೆ ವಂಚನೆ ಇಲ್ಲದಿದ್ದರೂ ಅಂಥ ವ್ಯಾಪಾರ ನಿಲ್ಲದು. ಅಪ್ಪನಿಲ್ಲದ ಮಕ್ಕಳ ಮನೆಯಿಂದ ಹಳೆಯ ನಾಣ್ಯ ಕೊಳ್ಳುವವರು ಈ ಮಾತನ್ನು ಎರಡು ಬಾರಿ ಓದಲಿ.

ಆದುದರಿಂದ ಮಾರುವವರು ಅವಸರಪಡಬಾರದು. ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬಾರದು. ಹೊಳಪು ಬಂದಷ್ಟೂ ಸಂಗ್ರಾಹಕರ ದೃಷ್ಟಿಯಲ್ಲಿ ಬೆಲೆ ಇಳಿಯುತ್ತದೆ. ತೂಕ, ಇಸವಿ, ಅಕ್ಷರಗಳನ್ನು ಬರೆದುಕೊಂಡು, ಎರಡೂ ಬದಿಯ ಚಿತ್ರ ತೆಗೆದು, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರಿಗಾದರೂ ತೋರಿಸಬೇಕು. ಹರಾಜಿನಲ್ಲಿ ಅಂಥದೇ ನಾಣ್ಯ ಎಷ್ಟಕ್ಕೆ ಹೋಯಿತೆಂದು ವಿಚಾರಿಸಬೇಕು. ಮಾರುವವನು ಕೇಳುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ. ಚಿನ್ನದ ಹಳೆಯ ನಾಣ್ಯವನ್ನು ತೂಕದ ಲೆಕ್ಕದಲ್ಲಿ ಒಡವೆಗೆ ವಿನಿಮಯ ಮಾಡಬಾರದು. ಚಿನ್ನಕ್ಕೆ ಚಿನ್ನ ಕೊಡುವಾಗ ತೂಕ ಸಮವಿರಬೇಕು, ಕೈಯಿಂದ ಕೈಗೆ ಆಗಬೇಕು ಎಂಬುದು ಶರೀಅತ್‌ನ ನಿಯಮ. ಅದರಲ್ಲಿ ಅಪರೂಪದ ಬೆಲೆ ಮುಳುಗಿಹೋಗುತ್ತದೆ. ಮೊದಲು ರೊಕ್ಕಕ್ಕೆ ಮಾರಿ ಹಣ ಪಡೆದು, ನಂತರ ಆ ಹಣದಿಂದ ಒಡವೆ ಕೊಳ್ಳಲಿ.

ಅಗ್ಗದ ಆಸೆ ತೋಡಿದ ಗುಂಡಿ

ಇನ್ನೊಂದು ಬದಿಯನ್ನೂ ನೋಡಬೇಕು. ಮನೆಯ ಪಾಯ ತೆಗೆಯುವಾಗ ಬಂಗಾರದ ನಾಣ್ಯಗಳು ಸಿಕ್ಕಿವೆ, ಯಾರಿಗೂ ಹೇಳಬೇಡಿ, ನಿಮಗೆ ಕಡಿಮೆಗೆ ಕೊಡುತ್ತೇವೆ ಎಂದು ನಂಬಿಸುವ ವಂಚನೆ ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಮತ್ತೆ ಮತ್ತೆ ವರದಿಯಾಗಿದೆ. ಮೊದಲು ಒಂದೆರಡು ಅಸಲಿ ನಾಣ್ಯ ಕೊಡುತ್ತಾರೆ. ಅಕ್ಕಸಾಲಿಗನಲ್ಲಿ ಪರೀಕ್ಷಿಸಿದಾಗ ಚಿನ್ನವೇ ಆಗಿರುತ್ತದೆ. ನಂತರ ಲಕ್ಷಗಟ್ಟಲೆ ಹಣ ತಂದವನ ಕೈಗೆ ನಕಲಿ ನಾಣ್ಯಗಳ ಚೀಲ ಬರುತ್ತದೆ.

ಮೋಸ ಮಾಡಿದವರು ಅಪರಾಧಿಗಳೇ, ಸಂಶಯವಿಲ್ಲ. ಆದರೆ ಮೋಸಹೋದವನ ಮನಸ್ಸನ್ನೂ ತೆರೆದು ನೋಡೋಣ. ಅವನು ಹಣ ಕಟ್ಟಿಕೊಂಡು ಹೊರಟದ್ದು ಏಕೆ? ಪಾಪದ ಕೂಲಿಯವನಿಗೆ ಬೆಲೆ ಗೊತ್ತಿಲ್ಲ, ನನಗೆ ಗೊತ್ತಿದೆ ಎಂಬ ಲೆಕ್ಕದಿಂದಲ್ಲವೇ? ನ್ಯಾಯದ ಬೆಲೆಯನ್ನೇ ಕೊಡಲು ಹೊರಟವನನ್ನು ಈ ಬಲೆ ಹಿಡಿಯಲಾರದು. ಇನ್ನೊಬ್ಬನ ಅಜ್ಞಾನವನ್ನು ಕೊಳ್ಳಲು ಹೋದವನು ತನ್ನ ಅಜ್ಞಾನಕ್ಕೆ ಬೆಲೆ ತೆತ್ತು ಬಂದನು.

ಇದಕ್ಕೆ ಎದುರಾಗಿ ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿರುವ ಪ್ರಸಂಗವನ್ನಿಡಿ. ಒಬ್ಬನು ಭೂಮಿ ಕೊಂಡನು. ಅದರಲ್ಲಿ ಚಿನ್ನ ತುಂಬಿದ ಮಡಕೆ ಸಿಕ್ಕಿತು. ನಾನು ಕೊಂಡದ್ದು ಭೂಮಿ, ಚಿನ್ನವಲ್ಲ, ತೆಗೆದುಕೋ ಎಂದು ಅವನು ಮಾರಿದವನ ಬಳಿಗೆ ಹೋದನು. ಭೂಮಿಯನ್ನು ಅದರಲ್ಲಿರುವ ಎಲ್ಲದರೊಂದಿಗೆ ಮಾರಿದ್ದೇನೆ ಎಂದು ಇವನು ನಿರಾಕರಿಸಿದನು. ತೀರ್ಪುಗಾರನು ಒಬ್ಬನ ಮಗನಿಗೂ ಇನ್ನೊಬ್ಬನ ಮಗಳಿಗೂ ವಿವಾಹ ಮಾಡಿಸಿ, ಆ ಚಿನ್ನವನ್ನು ಅವರಿಗಾಗಿ ಖರ್ಚು ಮಾಡಿ ದಾನವನ್ನೂ ಕೊಡಿರೆಂದು ಹೇಳಿದನು. ಅಲ್ಲಿಯೂ ನೆಲದಿಂದ ಬಂಗಾರ ಬಂತು. ಆದರೆ ಮೋಸದ ಬದಲು ಸಂಬಂಧ ಬೆಳೆಯಿತು. ನಮ್ಮ ನಾಡಿನಲ್ಲಿ ನೆಲದಡಿ ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಲೇಬೇಕು. 1878ರಷ್ಟು ಹಿಂದೆಯೇ ಇದಕ್ಕೆ ಕಾಯಿದೆ ಬಂದಿದೆ. ಗುಟ್ಟಾಗಿ ಮಾರುವ ನಿಧಿಯಲ್ಲಿ ನ್ಯಾಯದ ಬೆಲೆಯೆಂಬುದೇ ಇಲ್ಲ; ಅಂಥ ವ್ಯಾಪಾರದ ಹತ್ತಿರ ಸುಳಿಯಬೇಡಿ.

ಮೊಬೈಲಿನಲ್ಲಿ ಬರುವ ಆಮಿಷವೂ ಇದೇ ಜಾತಿಯದು. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಳುಹಿಸಿ ಎನ್ನುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಕೆ ನೀಡಿತ್ತು. 786 ಸಂಖ್ಯೆಯ ನೋಟಿಗೆ ಭಾರೀ ಬೆಲೆಯೆಂದು ಹಬ್ಬಿಸುವವರೂ ನಮ್ಮ ಭಕ್ತಿಯನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ನೋಟಿನ ಸಂಖ್ಯೆಯಿಂದ ಬರಕತ್ ಬರುವುದಿಲ್ಲ. ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ, ಇದ್ದುದನ್ನು ಸ್ಪಷ್ಟಪಡಿಸಿದರೆ ಅವರ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟು ಸುಳ್ಳಾಡಿದರೆ ಅದು ಅಳಿಸಿಹೋಗುತ್ತದೆ ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ (ಬುಖಾರಿ).

ಕೊನೆಗೆ, ಈಗಾಗಲೇ ಕೊಂಡಾಗಿದೆ, ಮನಸ್ಸು ಚುಚ್ಚುತ್ತಿದೆ ಎನ್ನುವ ಸಹೋದರರಿಗೆ ಒಂದು ಮಾತು. ಬಲ್ಲವರಿಗೆ ತೋರಿಸಿ ಬೆಲೆ ತಿಳಿದುಕೊಳ್ಳಿ. ಕೊಟ್ಟದ್ದು ಅವರೆಲ್ಲರ ಲೆಕ್ಕಕ್ಕಿಂತ ತೀರಾ ಕಡಿಮೆಯಾಗಿದ್ದರೆ ಆ ಮನೆಯ ಬಾಗಿಲಿಗೆ ಮತ್ತೊಮ್ಮೆ ಹೋಗಿ. ಉಳಿದುದನ್ನು ಕೊಡಿ ಅಥವಾ ನಾಣ್ಯವನ್ನು ಮರಳಿಸಿ. ಮಾರಿದ ಅಜ್ಜಿ ತೀರಿಕೊಂಡಿದ್ದರೆ ವಾರಸುದಾರರಿದ್ದಾರೆ. ಆ ಬಾಗಿಲಿಗೆ ಹೋಗಲು ನಾಚಿಕೆಯಾಗಬಹುದು. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ಅದೇ ಅಜ್ಜಿ ತನ್ನ ಹಕ್ಕನ್ನು ಕೇಳುವಾಗ ಆಗುವ ನಾಚಿಕೆಗಿಂತ ಇದು ಹಗುರ. ಅಂದು ಕೊಡಲು ನಾಣ್ಯವಿರುವುದಿಲ್ಲ, ಸತ್ಕರ್ಮಗಳೇ ಹೋಗುತ್ತವೆ.

ಅಲ್ಲಾಹನು ನಮಗೆ ಇನ್ನೊಬ್ಬರ ವಸ್ತುವಿನ ಬೆಲೆಯನ್ನು ನಮ್ಮ ವಸ್ತುವಿನ ಬೆಲೆಯಂತೆಯೇ ಕಾಣುವ ಮನಸ್ಸನ್ನು ಕರುಣಿಸಲಿ. ಆಮೀನ್.